ಮಣ್ಣಿನ ಕೋಣೆಗೆ ಬೀಗ

ನಮ್ಮ ಶಾಲೆಯಲ್ಲಿ ಯಾವ ಸಾಮಾನಿಗೆ ಜಾಗ ಸಾಲದಿದ್ದರೂ ಎಲ್ಲರ ಕಣ್ಣು ಮೊದಲು ಬೀಳುವುದು ನನ್ನ ಕೋಣೆಯ ಮೇಲೆ. ಮುರಿದ ಬೆಂಚು ಅಲ್ಲಿಗೆ, ರಾಜ್ಯೋತ್ಸವದ ಪರದೆ ಅಲ್ಲಿಗೆ, ಪೇಂಟರ್ ಬಿಟ್ಟುಹೋದ ಏಣಿ, ಬಕೆಟ್ಟು ಎಲ್ಲ ಅಲ್ಲಿಗೇ. ಗಣಿತದ ಕ್ಲಾಸಿಗೆ ಏಣಿ ತಂದು ಒರಗಿಸುವ ಧೈರ್ಯ ಯಾರಿಗಿದೆ? ನನ್ನದು ಡ್ರಾಯಿಂಗ್ ಕೋಣೆ, ಹಾಗಾಗಿ ಅದು ಎಲ್ಲರ ಹಿತ್ತಿಲು.

ನಾನು ಮಹಾದೇವಿ. ದಹಿಸರಿನ ಈ ಕನ್ನಡ ಶಾಲೆಯಲ್ಲಿ ಚಿತ್ರಕಲೆಯ ಟೀಚರು. ಮೂಲ ಧಾರವಾಡ, ಬೆಳೆದದ್ದು ಮುಂಬಯಿ. ಬಾಯಿ ಜೋರು ಎಂದು ಸ್ಟಾಫ್ ರೂಮಿನಲ್ಲಿ ಹೆಸರು ತೆಗೆದುಕೊಂಡಿದ್ದೇನೆ, ಅದನ್ನು ಅಲ್ಲಗಳೆಯುವುದಿಲ್ಲ. ಶಾಲೆಯಲ್ಲಿ ಕಲೆ ಅಂದರೆ ನಮ್ಮವರಿಗೆ ಗೊತ್ತಿರುವುದು ಅತಿಥಿಗಳು ಬರುವ ದಿನದ ರಂಗೋಲಿ. ಗೇಟಿನ ಪಕ್ಕದ ಗೋಡೆಯ ಮೇಲೆ ‘ಎಲ್ಲ ಮಕ್ಕಳೂ ನಮ್ಮ ಮಕ್ಕಳೇ’ ಎಂದು ದಪ್ಪ ಅಕ್ಷರದಲ್ಲಿ ಬರೆದವಳೂ ನಾನೇ. ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಕುಳಿತು ನಗುವ ಹುಡುಗನೊಬ್ಬ ಇರಲಿ ಎಂದರು, ಬರೆದೆ. ಗೇಟು ದಾಟಿದರೆ ಎತ್ತರೆತ್ತರದ ಮೆಟ್ಟಿಲುಗಳು. ಆ ಹುಡುಗ ಇವತ್ತಿಗೂ ಹೊರಗೇ ನಗುತ್ತ ಕುಳಿತಿದ್ದಾನೆ.

ನನ್ನ ಕೋಣೆ ಇರುವುದು ಕಟ್ಟಡದ ಹಿಂಬದಿಗೆ. ರೈಲು ಹಳಿ ಮುಂದಿನ ಕಡೆ, ಹಾಗಾಗಿ ಲೋಕಲ್‌ಗಳ ಸದ್ದು ಅಲ್ಲಿಗೆ ಬರುವಷ್ಟರಲ್ಲಿ ಸಣ್ಣಗಾಗಿರುತ್ತದೆ. ಕಿಟಕಿಯ ಕೆಳಗೆ ಒದ್ದೆ ಗೋಣಿ ಹೊದಿಸಿದ ಮಣ್ಣಿನ ಟಬ್ಬು. ನೆಲ ಯಾವಾಗಲೂ ಸ್ವಲ್ಪ ಕೆಸರು, ಗೋಡೆಯ ತುಂಬ ಬಣ್ಣದ ಕೈಗುರುತು. ಮಕ್ಕಳು ಅದನ್ನು ಮಣ್ಣಿನ ಕೋಣೆ ಎನ್ನುತ್ತಾರೆ.

ಎರಡು ವರ್ಷದ ಹಿಂದೆ ಹನುಮವ್ವ ಎಂಬಾಕೆ ತನ್ನ ಮಗಳು ಶಿವಕುಮಾರಿಯನ್ನು ಶಾಲೆಗೆ ಸೇರಿಸಿದಳು. ಹನುಮವ್ವ ಗೋಕಾಕದ ಕಡೆಯವಳು, ಇಲ್ಲಿ ಬಿಲ್ಡಿಂಗ್ ಕೆಲಸದಲ್ಲಿ ಕಲಸಿದ ಸಿಮೆಂಟಿನ ಮಸಾಲೆ ಹೊರುತ್ತಾಳೆ, ಗಂಡ ಇಲ್ಲ. ಶಿವಕುಮಾರಿಗೆ ಮಾತಿಲ್ಲ. ಕಿವಿ ಕೇಳಿಸುತ್ತದೆ, ಅದೂ ಎಲ್ಲರಿಗಿಂತ ಹೆಚ್ಚು ಕೇಳಿಸುತ್ತದೆ. ಕ್ಲಾಸಿನ ಗಲಾಟೆಗೆ ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದಳು, ಲೋಕಲ್ ಹೋದರೆ ಹಣೆಯನ್ನು ಬೆಂಚಿಗೆ ಬಡಿದುಕೊಳ್ಳುತ್ತಿದ್ದಳು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಆಟಿಸಂ ಎಂದು ಬರೆದುಕೊಟ್ಟಿದ್ದರು. ಹನುಮವ್ವ ಮಾತ್ರ “ಆಕಿ ಹಂಗ ಅದಾಳ್ರಿ ಟೀಚರ, ಕೆಟ್ಟಾಕಿ ಅಲ್ಲ” ಎನ್ನುತ್ತಿದ್ದಳು.

ಒಂದು ದಿನ ಅಳುವ ಹುಡುಗಿಯನ್ನು ಯಾರಿಗೂ ಸುಧಾರಿಸಲಾಗದೆ ಪ್ಯೂನ್ ಕಾಂತಪ್ಪ ನನ್ನ ಕೋಣೆಗೆ ತಂದು ಬಿಟ್ಟ. ಬೇಡದ ಸಾಮಾನು ಬರುವ ಜಾಗವಲ್ಲವೇ ಅದು! ಅವಳು ಟಬ್ಬಿನ ಹತ್ತಿರ ಹೋದಳು, ಗೋಣಿ ಸರಿಸಿದಳು, ಮೊಣಕೈವರೆಗೆ ಕೈ ಇಳಿಸಿದಳು. ಅಳು ನಿಂತಿತು. ಅವತ್ತಿನಿಂದ ಅವಳ ಶಾಲೆ ಅದೇ. ಬೇರೆ ಮಕ್ಕಳು ಡ್ರಾಯಿಂಗ್ ಪಿರಿಯಡ್‌ಗೆ ಬಂದು ಅವಳ ಸುತ್ತ ಕೂರುತ್ತಿದ್ದರು. ಮೊದಲು ಯಾರಾದರೂ ಹತ್ತಿರ ಬಂದರೆ ಮೈ ಮುದುಡುತ್ತಿದ್ದವಳು ಒಂದು ದಿನ ತಾನೇ ಒಂದು ಉಂಡೆ ಮಣ್ಣು ಎತ್ತಿ ಪಕ್ಕದ ಸ್ನೇಹಲ್‌ಳ ಕೈಯಲ್ಲಿಟ್ಟಳು. ಸ್ನೇಹಲ್ ಓಡಿಬಂದು, “ಟೀಚರ್, ಶಿವಿ ನನಗೆ ಮಿಟ್ಟಿ ದಿಯಾ, ಅವಳೇ ದಿಯಾ” ಎಂದು ಎಲ್ಲ ಭಾಷೆ ಕಲಸಿ ಹೇಳಿದಳು. ನಾನು ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡೆ. ಆಮೇಲೆ ಮಣ್ಣಿನ ಗುಂಡು ಮಾಡಿ ಎಣಿಸುವುದನ್ನು ಕಲಿತಳು, ಮಣ್ಣಿನ ಹಾವು ಬಳಸಿ ಅಕ್ಷರ ಮಾಡಿದಳು. ತಟ್ಟೆ ಹಿಡಿದು ಎಲ್ಲರ ಜೊತೆ ಊಟದ ಸಾಲಿನಲ್ಲಿ ನಿಂತಳು.

ಈ ಜೂನ್‌ನಲ್ಲಿ ಶಾಲೆ ಶುರುವಾಗುತ್ತಲೇ ಹೆಡ್‌ಮಾಸ್ತರ ನೀಲಕಂಠಪ್ಪನವರು ನನ್ನನ್ನು ಕರೆದರು. ಒಳ್ಳೆಯ ಮನುಷ್ಯ, ಯಾರಿಗೂ ಇಲ್ಲ ಎನ್ನಲಾರರು. ಆ ಗುಣವೇ ನನ್ನ ಪ್ರಾಣ ತಿನ್ನುವುದು.

“ಪವಾಯಿಯ ಒಂದು ಕಂಪನಿಯವರು ಹಳೇ ಕಂಪ್ಯೂಟರ್ ಕೊಟ್ಟಾರ್ರಿ ಮೇಡಂ. ಅಧ್ಯಕ್ಷರು ನಿಮ್ಮ ಕೋಣ್ಯಾಗ ಲ್ಯಾಬ್ ಮಾಡ್ರಿ ಅಂದಾರ.”

“ಮತ್ತ ನಾ ಎಲ್ಲಿ ಕಲಸ್ಲಿ ಸರ್?”

“ಚಿತ್ರ ಏನ್ರಿ, ಎಲ್ಲಿ ಕೂತರೂ ತಗೀಬಹುದು. ವರಾಂಡಾ ಅದ, ಗ್ರೌಂಡ್ ಅದ.”

“ಮಳಿಗಾಲದಾಗ ಗ್ರೌಂಡಿನ್ಯಾಗ? ಆತು, ನನ್ನ ಮಾತು ಬಿಡ್ರಿ. ಶಿವಕುಮಾರಿನ ಎಲ್ಲಿ ಕೂಡಸ್ತೀರಿ?”

ಅವರು ಕನ್ನಡಕ ತೆಗೆದು ಒರೆಸಿದರು. “ಅಂಥಾ ಮಕ್ಕಳಿಗೆ ದಾದರ್ ಕಡೆ ಸ್ಪೆಷಲ್ ಸ್ಕೂಲ್ ಅವ. ಅಲ್ಲಿ ಛಲೋ ನೋಡ್ಕೋತಾರ.”

“ಸರ್, ಬೆಳಿಗ್ಗೆ ಲೋಕಲ್‌ದಾಗ ದಹಿಸರದಿಂದ ದಾದರಿಗೆ ಹೋಗಿ ನೋಡ್ರಿ, ನಿಮಗೂ ಒದರಬೇಕು ಅನಸ್ತದ. ಆ ಹುಡುಗಿನ ಹನುಮವ್ವ ದಿನಾ ಹೆಂಗ ಒಯ್ಯಬೇಕು? ಆಕಿ ಕೆಲಸಕ್ಕ ಯಾವಾಗ ಹೋಗಬೇಕು?”

“ನನ್ನ ಕೈಯಾಗ ಏನದ ಹೇಳ್ರಿ” ಎಂದರು. ಅವರ ಕೈಯಲ್ಲಿ ಯಾವತ್ತೂ ಏನೂ ಇರುವುದಿಲ್ಲ. ಕೋಣೆ ಹೋದರೆ ಶಿವಕುಮಾರಿಯ ಶಾಲೆಯೂ ಹೋಯಿತು ಎಂಬುದು ನನಗೆ ಅಲ್ಲೇ ಖಾತ್ರಿಯಾಯಿತು. ಅಧ್ಯಕ್ಷ ಗುರಲಿಂಗಪ್ಪನವರಿಗೆ ಫೋನ್ ಮಾಡಿದೆ. ವಿಜಯಪುರದವರು, ದಾದರಿನಲ್ಲಿ ದೊಡ್ಡ ಬಟ್ಟೆ ಅಂಗಡಿ. ಗಿರಾಕಿಗಳ ನಡುವೆ ಇದ್ದರೇನೋ, “ನೋಡೂಣ ತಾಯಿ, ನೋಡೂಣ” ಎಂದು ಇಟ್ಟುಬಿಟ್ಟರು.

ಅಷ್ಟರಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಊರು ಬಿಟ್ಟರೂ ನಮ್ಮ ಕಡೆಯವರು ಇದನ್ನು ಬಿಡುವುದಿಲ್ಲ. ಮಣ್ಣಿನಲ್ಲಿ ಒಂದು ಜೊತೆ ಎತ್ತು, ಅವುಗಳ ಮುಂದೆ ಮೇವು ಹಾಕುವ ಪುಟ್ಟ ಗ್ವಾದಲಿ, ಪೂಜೆ, ಹೋಳಿಗೆ. ನಾನು ಪ್ರತಿ ವರ್ಷ ಆ ವಾರ ಮಕ್ಕಳ ಕೈಯಲ್ಲಿ ಎತ್ತು ಮಾಡಿಸುತ್ತೇನೆ. ಹೆಚ್ಚಿನವರ ಎತ್ತುಗಳು ನಾಯಿಯಂತೆಯೋ ಆಲೂಗಡ್ಡೆಯಂತೆಯೋ ಆಗುತ್ತವೆ, ಪರವಾಗಿಲ್ಲ. ಶಿವಕುಮಾರಿಯ ಎತ್ತುಗಳನ್ನು ನೋಡಿ ನಾನು ಕೈಯಲ್ಲಿದ್ದ ಬ್ರಷ್ ಕೆಳಗಿಟ್ಟೆ. ಒಂದು ಎತ್ತು ಮಲಗಿದ್ದು ಏಳಲು ಮುಂಗಾಲ ಮಂಡಿ ಊರಿ ಹಿಂಗಾಲು ಎತ್ತಿದೆ. ಇನ್ನೊಂದು ಎದ್ದು ನಿಂತು, ಕತ್ತು ತಿರುಗಿಸಿ, ಜೊತೆಗಾರ ಏಳುವುದನ್ನೇ ಕಾಯುತ್ತಿದೆ. ಚಿಕ್ಕವಳಿದ್ದಾಗ ಗೋಕಾಕದಲ್ಲಿ ಯಾರ ಹಟ್ಟಿಯಲ್ಲಿ ನೋಡಿದ್ದಳೋ ಏನೋ.

ಅಮಾವಾಸ್ಯೆಯ ಮಧ್ಯಾಹ್ನ ಕಾಂತಪ್ಪ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ. “ಟೀಚರ, ನಾಳಿ ಮುಂಜಾನಿ ಕೋಣಿ ಖಾಲಿ ಮಾಡಂತ ಹೇಳ್ಯಾರ್ರಿ. ಮಂದಿ ಬರ್ತಾರ.”

ನನ್ನ ಮೈಯೆಲ್ಲ ಉರಿಯಿತು. ಸಂಜೆ ಹನುಮವ್ವ ಮಗಳನ್ನು ಕರೆದೊಯ್ಯಲು ಬಂದಳು. ಎತ್ತು ನೋಡಿ ನಿಂತಲ್ಲೇ ನಿಂತಳು. ಮನೆಗೆ ಒಯ್ದು ಪೂಜೆ ಮಾಡುತ್ತೇನೆ ಅಂದಳು, ಆಮೇಲೆ ಅವಳೇ, “ಶೆಡ್ ಸೋರತೈತ್ರಿ ಟೀಚರ, ಇಡಾಕ ಒಣ ಜಾಗಾ ಇಲ್ಲ” ಅಂದಳು. ನನ್ನ ತಲೆಯಲ್ಲಿ ಆಗ ಬಂತು ನೋಡಿ ಆ ಮಹಾ ಯೋಚನೆ. ಪೂಜೆ ಆದ ಎತ್ತನ್ನು ನಮ್ಮ ಮಂದಿ ಯಾರಾದರೂ ಎತ್ತಿ ಹೊರಗೆ ಹಾಕುತ್ತಾರೆಯೇ? “ಇಲ್ಲೇ ಮಾಡು ಹನುಮವ್ವ, ಕಪಾಟಿನ ಮ್ಯಾಲೆ. ಛಂದಂಗ ಮಾಡು” ಎಂದೆ. ಅವಳು ಸ್ಟೇಷನ್ ಕಡೆ ಹೋಗಿ ಹೂವು, ಕುಂಕುಮ, ಊದಿನಕಡ್ಡಿ ತಂದಳು. ನಾನೇ ಬೆಂಕಿಪೆಟ್ಟಿಗೆ ಕೊಟ್ಟೆ.

ಮರುದಿನ ಮುಂಜಾನೆ ಸಾಮಾನು ಹೊರುವವರು ಬಂದರು. ಕಾಂತಪ್ಪ ಬಾಗಿಲು ತೆರೆದ, ಕುಂಕುಮ ನೋಡಿದ, ಚಪ್ಪಲಿ ಕಳಚಿ ಹಿಂದೆ ಸರಿದ. “ನಾ ಮುಟ್ಟಂಗಿಲ್ರಿ” ಎಂದ. ಅವನು ಮುಟ್ಟುವುದಿಲ್ಲ ಎಂದ ಮೇಲೆ ಉಳಿದವರೂ ಮುಟ್ಟಲಿಲ್ಲ. ನೀಲಕಂಠಪ್ಪನವರು ಬಂದು ನೋಡಿ ಕೈ ಮುಗಿದು, ನೇರ ದಾದರಿಗೆ ಫೋನ್ ಹಚ್ಚಿದರು. ನಾನು ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ ಒಳಗೊಳಗೇ ನಗುತ್ತಿದ್ದೆ.

ಮಧ್ಯಾಹ್ನ ಗುರಲಿಂಗಪ್ಪನವರೇ ಬಂದರು. ವರಾಂಡದಲ್ಲಿಯೇ ಬೂಟು ಬಿಚ್ಚಿ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಡೆದು ಒಳಗೆ ಹೋದರು. ಎತ್ತುಗಳ ಮುಂದೆ ಬಹಳ ಹೊತ್ತು ನಿಂತರು. ಅಷ್ಟು ದೊಡ್ಡ ಮನುಷ್ಯನ ಕಣ್ಣಲ್ಲಿ ನೀರು.

“ನಮ್ಮವ್ವ ಹಿಂಗ ಮಾಡತಿದ್ದಳು. ಒಂದು ಏಳೂದು, ಒಂದು ಕಾಯೂದು. ಯಾರು ಮಾಡ್ಯಾರ?”

“ನಮ್ಮ ಶಿವಕುಮಾರಿರಿ” ಎಂದು ನಾನು ಹುಡುಗಿಯನ್ನು ಮುಂದೆ ತಂದೆ. ಅವರು ಅವಳ ತಲೆಯ ಮೇಲೆ ಕೈ ಇಟ್ಟರು. ಅವಳು ತಪ್ಪಿಸಿಕೊಂಡು ತನ್ನ ಟಬ್ಬಿನ ಹತ್ತಿರ ಹೋಗಿ ಕುಳಿತಳು.

“ಕಂಪ್ಯೂಟರ್ ಬ್ಯಾರೆ ಕಡೆ ಇಡ್ರಿ” ಎಂದರು ಅಧ್ಯಕ್ಷರು. “ಈ ಕೋಣಿ ಯಾರೂ ಮುಟ್ಟೂದು ಬ್ಯಾಡ.”

ನಾನು ಗೆದ್ದೆ ಅಂದುಕೊಂಡೆ. ಇಡೀ ಸ್ಟಾಫಿಗೆ ವಡಾಪಾವ್ ತರಿಸಿ ತಿನ್ನಿಸಿದೆ. ಬೇಕಿತ್ತೇ ನನಗೆ?

ಮುಂದಿನ ವಾರ ಟೈಲ್ಸ್ ಹಾಕುವವರು ಬಂದರು. ಶಾಲೆಯ ಇತಿಹಾಸದಲ್ಲೇ ನನ್ನ ಕೋಣೆಗೆ ಯಾರೂ ಒಂದು ಬಲ್ಬು ಹಾಕಿಸಿದವರಲ್ಲ, ಈಗ ಟೈಲ್ಸು! ಮಕ್ಕಳ ಕೆಸರು ತೊಳೆಯಲು ಸುಲಭವಾಗುತ್ತದೆ ಎಂದು ಖುಷಿಪಟ್ಟೆ. ಅವರು ಗೋಡೆಯ ಕೈಗುರುತಿಗೆಲ್ಲ ಬಿಳಿ ಬಣ್ಣ ಹೊಡೆದರು. ಮಣ್ಣಿನ ಟಬ್ಬು ಹೊರಗೆ ಬಂತು. ನನ್ನ ಕಪಾಟು ಹೊರಗೆ ಬಂತು. ಕಿಟಕಿಯ ಕೆಳಗೆ, ಶಿವಕುಮಾರಿ ಕೂರುತ್ತಿದ್ದ ಜಾಗದಲ್ಲಿ, ಒಂದು ಕಟ್ಟೆ ಎದ್ದಿತು. ಎತ್ತುಗಳನ್ನು ಅದರ ಮೇಲಿಟ್ಟು ಸುತ್ತ ಗಾಜು ಕೂಡಿಸಿದರು. ಬಾಗಿಲಿಗೆ ಹಿತ್ತಾಳೆಯ ಬೀಗ. ಮೇಲೆ ಬೋರ್ಡು ಬರೆಯಲು ನನ್ನನ್ನೇ ಕರೆದರು: ‘ಶ್ರೀ ಬಸವಣ್ಣನ ಕೋಣೆ’.

ನಾನು ಬ್ರಷ್ ಹಿಡಿದುಕೊಂಡೇ ಹೆಡ್‌ಮಾಸ್ತರರ ರೂಮಿಗೆ ನುಗ್ಗಿದೆ. “ಸರ್, ಯಾರೂ ಮುಟ್ಟಬ್ಯಾಡ್ರಿ ಅಂದ್ರ ಹಿಂಗ?”

“ಮತ್ತ ಹೆಂಗ್ರಿ? ದೇವರ ಕೋಣ್ಯಾಗ ಮಕ್ಕಳು ಕೆಸರು ಮಾಡಿದ್ರ ನಡೀತದೇನು?”

“ಹುಡುಗಿ ಎಲ್ಲಿ ಕೂಡಬೇಕು?”

“ಸದ್ಯ ವರಾಂಡಾದಾಗ ಕೂಡಲಿ. ಏನರೆ ಮಾಡೂಣಂತ.” ಅವರು ದನಿ ಇಳಿಸಿದರು. “ಮೇಡಂ, ಪೂಜಾ ನೀವೇ ಮಾಡಿಸೀರಿ. ಈಗ ನೀವೇ ಬ್ಯಾಡ ಅಂದ್ರ ಮಂದಿ ಏನಂತಾರ?”

ಕಂಪ್ಯೂಟರ್ ವಿರುದ್ಧ ಆಗಿದ್ದರೆ ಬೀದಿಗಿಳಿದು ಜಗಳವಾಡುತ್ತಿದ್ದೆ. ದೇವರ ವಿರುದ್ಧ ಹೇಗೆ ಆಡಲಿ? ಕಂಪ್ಯೂಟರುಗಳೂ ಎಲ್ಲಿಗೂ ಹೋಗಲಿಲ್ಲ, ಪ್ಲಾಸ್ಟಿಕ್ ಹೊದ್ದುಕೊಂಡು ಮೆಟ್ಟಿಲ ಕೆಳಗೆ ಪೆಟ್ಟಿಗೆಯಲ್ಲೇ ಉಳಿದವು. ಲ್ಯಾಬೂ ಇಲ್ಲ, ಡ್ರಾಯಿಂಗ್ ಕೋಣೆಯೂ ಇಲ್ಲ. ಯಾರ ಉಪಯೋಗಕ್ಕೂ ಬಾರದ ಒಂದು ಸ್ವಚ್ಛ ಕೋಣೆ ಮಾತ್ರ ಇದೆ.

ಶಿವಕುಮಾರಿ ವರಾಂಡದಲ್ಲಿ ಚಾಪೆ ಮೇಲೆ ಕೂತಳು. ಮಕ್ಕಳು ಎಡವಿ ಓಡುತ್ತಿದ್ದರು, ಗಂಟೆ ತಲೆಯ ಮೇಲೆಯೇ ಹೊಡೆಯುತ್ತಿತ್ತು, ಎದುರಿಗೇ ಲೋಕಲ್. ಮತ್ತೆ ಕಿವಿ ಮುಚ್ಚಿಕೊಳ್ಳತೊಡಗಿದಳು. ನಾನು ಟಬ್ಬನ್ನು ಅವಳ ಹತ್ತಿರ ಎಳೆದು ತಂದಿಟ್ಟರೆ ಯಾರೋ ಟೀಚರ್ ಜಾರಿದರಂತೆ, ಕಾಂತಪ್ಪ ಅದನ್ನು ಟಾಯ್ಲೆಟ್ಟಿನ ಹಿಂದೆ ಒಯ್ದಿಟ್ಟ. ಮಳೆ ಬಿದ್ದು ಮಣ್ಣೆಲ್ಲ ಗಟಾರಕ್ಕೆ ಹೋಯಿತು. ಸ್ನೇಹಲ್ ನನ್ನ ಸೆರಗು ಜಗ್ಗಿ, “ಟೀಚರ್, ಶಿವಿ ನನ್ನ ಕಡೆ ದೇಖತೀ ನಹೀ, ನೋಡೋದೇ ಇಲ್ಲ” ಎಂದಳು. ಏನು ಹೇಳಬೇಕು ಆ ಮಗುವಿಗೆ?

ಶ್ರಾವಣದ ಮೊದಲ ಸೋಮವಾರ ಕೋಣೆಯ ಪ್ರಾರಂಭ. ಅಧ್ಯಕ್ಷರ ಮನೆಯವರು, ಟ್ರಸ್ಟಿನವರು, ರೇಷ್ಮೆ ಸೀರೆ, ಹಾರ. ರಂಗೋಲಿ ನನ್ನದೇ. ಹನುಮವ್ವನನ್ನೂ ಕರೆದಿದ್ದರು, ಅವಳು ಕೆಲಸ ಬಿಟ್ಟು ಒಗೆದ ಸೀರೆ ಉಟ್ಟು ಬಂದಿದ್ದಳು. ನನ್ನ ಕೈ ಹಿಡಿದುಕೊಂಡು, “ನನ್ನ ಮಗಳ ಕೈಯಾಗ ದೇವರು ಬಂದ್ವು ನೋಡ್ರಿ ಟೀಚರ” ಎಂದಳು. ಅವಳ ಮುಖದಲ್ಲಿನ ಆ ಹೆಮ್ಮೆ ನೋಡಿ ನನಗೆ ಎಲ್ಲಾದರೂ ಹೋಗಿ ಅತ್ತುಬಿಡಬೇಕು ಅನಿಸಿತು.

ಬೀಗ ತೆರೆದರು. ಎಲ್ಲರ ಕಾಲುಗಳ ನಡುವೆ ನುಸುಳಿ ಶಿವಕುಮಾರಿ ಒಳಗೆ ಹೋದಳು. ಚಪ್ಪಲಿಯನ್ನೂ ಬಾಗಿಲಲ್ಲೇ ಬಿಟ್ಟಿದ್ದಳು, ಅಷ್ಟು ಮರ್ಯಾದೆ ಅವಳಿಗೆ ಗೊತ್ತಿತ್ತು. ನೇರ ಕಿಟಕಿಯ ಹತ್ತಿರ ಹೋಗಿ ತನ್ನ ಜಾಗ ಹುಡುಕಿದಳು. ಅಲ್ಲಿ ಕಟ್ಟೆ. ಮೇಲೆ ಗಾಜು, ಗಾಜಿನ ಒಳಗೆ ತನ್ನ ಎತ್ತು. ಗಾಜಿಗೆ ಅಂಗೈ ಒತ್ತಿದಳು. ಆಮೇಲೆ ಬಡಿದಳು. ಆಮೇಲೆ ಹಣೆಯಿಂದ ಬಡಿಯುತ್ತ ಕಿರುಚತೊಡಗಿದಳು.

ನಾನು ಮುಂದೆ ನುಗ್ಗುವಷ್ಟರಲ್ಲಿ ರೇಷ್ಮೆ ಸೀರೆಯವರೊಬ್ಬರು ಕೈ ಮುಗಿದು, “ಮೈಮ್ಯಾಲೆ ಬಂದದ” ಎಂದರು. ಅಷ್ಟೇ ಸಾಕಾಯಿತು. ಹಿಂದಿದ್ದವರೂ ಕೈ ಮುಗಿದರು. ಯಾರೋ ಹುಡುಗಿಯ ಹಣೆಗೆ ಕುಂಕುಮ ಬಳಿದರು. ಗುರಲಿಂಗಪ್ಪನವರು ಬಾಗಿ, ಭಕ್ತಿಯಿಂದ, “ಏನು ಬೇಕು ಕೇಳು ತಾಯಿ” ಎಂದರು.

“ಆಕಿಗೆ ಏನೂ ಬಂದಿಲ್ರಿ” ಎಂದು ನಾನು ಕೂಗಿದೆ. “ಆಕಿಗೆ ಕೂಡಾಕ ಜಾಗಾ ಬೇಕಾಗೇದ.” ಜಾಗಟೆ ಬಾರಿಸುತ್ತಿದ್ದರು, ಯಾರಿಗೆ ಕೇಳಬೇಕು? ಶಿವಕುಮಾರಿ ಕಿವಿ ಮುಚ್ಚಿದ್ದ ಒಂದು ಕೈ ತೆಗೆದು ಕಿಟಕಿಯ ಕೆಳಗೆ ತೋರಿಸಿದಳು. ಅಧ್ಯಕ್ಷರು ಆ ಕೈಯಲ್ಲಿ ಬಾಳೆಹಣ್ಣು ಇಟ್ಟರು.

ಮರುದಿನದಿಂದ ಅವಳು ಬರಲಿಲ್ಲ. ಹದಿನೈದು ದಿನ ಕಾದು, ನಾನೇ ಹುಡುಕಿಕೊಂಡು ಹೋದೆ. ಹೈವೇಯ ಚೆಕ್‌ನಾಕಾದ ಆಚೆ ಎದ್ದು ನಿಲ್ಲುತ್ತಿದ್ದ ಬಿಲ್ಡಿಂಗು, ಕೆಳಗೆ ತಗಡಿನ ಶೆಡ್ಡುಗಳ ಸಾಲು. ಹನುಮವ್ವ ನನ್ನನ್ನು ಕಂಡು ತಲೆಯ ಮೇಲಿನ ಸಿಂಬೆ ತೆಗೆದು ಓಡಿಬಂದಳು. ಅವಳಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಅದೇ ನನಗೆ ಸಿಟ್ಟು.

“ಸಾಲ್ಯಾಗ ಒದರತಾಳ್ರಿ, ಉಳದ ಮಕ್ಕಳಿಗೆ ತ್ರಾಸ ಆಗತೈತಿ. ಇಲ್ಲಿ ನನ್ನ ಕಣ್ಣ ಮುಂದ ಇರ್ತಾಳ. ಅಲ್ಲಿ ಆಕಿ ಬಸವಣ್ಣ ಅದಾನಲ್ರಿ, ಸಾಕು.”

ಶಿವಕುಮಾರಿ ಮರಳಿನ ರಾಶಿಯ ಹಿಂದೆ ಕುಳಿತಿದ್ದಳು. ಮಿಕ್ಸರಿನ ಗಡಗಡ ಸದ್ದಿಗೆ ಕಿವಿಯಲ್ಲಿ ಬಟ್ಟೆ ತುರುಕಿಕೊಂಡಿದ್ದಳು. ಮುಂದೆ ಬಾಣಲೆಯಲ್ಲಿ ಉಳಿದ ಸಿಮೆಂಟಿನ ಮಸಾಲೆ. ಪಕ್ಕದಲ್ಲಿ ಎತ್ತುಗಳು, ಬೂದಿ ಬಣ್ಣದವು, ಸಾಲಾಗಿ. ಎಲ್ಲವೂ ಮಲಗಿದ್ದವು. ಏಳುವುದು ಒಂದೂ ಇರಲಿಲ್ಲ.

ಅವಳ ಕೈ ಹಿಡಿದು ನೋಡಿದೆ. ಸಿಮೆಂಟು ತಿಂದು ಬೆರಳ ತುದಿ ಬಿಳಚಿ ಬಿರಿದಿದ್ದವು, ಸಂದಿಯಲ್ಲಿ ರಕ್ತ.

“ಬ್ಯಾಡ ಅಂದ್ರ ಕೇಳಂಗಿಲ್ರಿ” ಎಂದಳು ಹನುಮವ್ವ. “ಎಣ್ಣಿ ಹಚ್ಚತೀನಿ. ಮಣ್ಣು ಎಲ್ಲಿಂದ ತರ್ಲಿ ಈ ಊರಾಗ?”

ನಾನು ಒಂದು ಎತ್ತು ಕೇಳಿದೆ. ಶಿವಕುಮಾರಿ ನನ್ನ ಮುಖ ನೋಡಲಿಲ್ಲ, ಆದರೆ ತಾನೇ ಒಂದನ್ನು ಎತ್ತಿ ನನ್ನ ಕೈಯಲ್ಲಿಟ್ಟಳು, ಅವತ್ತು ಸ್ನೇಹಲ್‌ಗೆ ಮಣ್ಣು ಕೊಟ್ಟಂತೆ. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು, ರಿಕ್ಷಾ ಹಿಡಿದು, ದಾರಿಯುದ್ದಕ್ಕೂ ಬೈಗುಳಗಳನ್ನು ಜೋಡಿಸಿಕೊಳ್ಳುತ್ತ ಶಾಲೆಗೆ ಬಂದೆ.

ನೀಲಕಂಠಪ್ಪನವರ ಟೇಬಲ್ ಮೇಲೆ, ಅವರು ಸಹಿ ಮಾಡುತ್ತಿದ್ದ ಕಾಗದದ ಮೇಲೆಯೇ, ಎತ್ತನ್ನು ಇಟ್ಟೆ. ಅವರು ಪೆನ್ನು ಬಿಟ್ಟು ಕೈ ಮುಗಿದರು.

ಜೋಡಿಸಿದ್ದ ಬೈಗುಳವೆಲ್ಲ ನನಗೆ ಮರೆತುಹೋಯಿತು. “ಕೈ ಮುಗೀಬ್ಯಾಡ್ರಿ ಸರ್” ಎಂದೆ. “ಕೈಯಾಗ ತಗೊಂಡು ನೋಡ್ರಿ.”

ಅವರು ತೆಗೆದುಕೊಂಡರು. ಅಂಗೈಗೆ ಒರಟಾಗಿ ತಾಗಿತೇನೋ, ಇನ್ನೊಂದು ಕೈಗೆ ಬದಲಿಸಿದರು.

“ಸಿಮೆಂಟ್ ಅದ ಇದು. ಶಿವಕುಮಾರಿ ಮಾಡ್ಯಾಳ. ಬೆರಳು ಒಡದಾವ, ರಕ್ತ ಬರ್ತದ. ಮಣ್ಣು ನಾವು ಕಸಗೊಂಡ್ವಿ.”

ಅವರ ಮುಖ ಸಣ್ಣದಾಯಿತು. ಈಗ ಕೇಳುತ್ತಾರೆ, ಹುಡುಗಿಯನ್ನು ಕರೆತನ್ನಿ ಎನ್ನುತ್ತಾರೆ ಎಂದು ನಾನು ಕಾದು ನಿಂತೆ. ಅವರು ಡ್ರಾಯರ್ ಎಳೆದು ಹಿತ್ತಾಳೆಯ ಬೀಗದ ಕೀಲಿ ತೆಗೆದರು. “ಕಾಂತಪ್ಪ, ಇದನ್ನ ಬಸವಣ್ಣನ ಕೋಣ್ಯಾಗ ಇಟ್ಟು ಬಾ. ಕಾಲು ತೊಳಕೊಂಡು ಹೋಗು.”

ಒಳಗೆ ಬಂದ ಕಾಂತಪ್ಪನಿಗೆ ಅವರು ಕೊಟ್ಟ ಎತ್ತನ್ನು ಅವನ ಕೈಯಿಂದ ಕಿತ್ತುಕೊಂಡೆ. “ಇದು ಒಳಗ ಹೋಗಂಗಿಲ್ಲ. ಮಾಡಿದ ಹುಡುಗಿ ಆ ಕೋಣ್ಯಾಗ ಹೋಗಿ ಕೂಡೂತನಕ ಇದು ಇಲ್ಲೇ ಇರ್ತದ, ನಿಮ್ಮ ಟೇಬಲ್ ಮ್ಯಾಲೆ” ಎಂದು, ಅದೇ ಕಾಗದದ ಮೇಲೆ ಮತ್ತೆ ಕೂಡಿಸಿ ಹೊರಗೆ ಬಂದೆ.

ಅದು ಅಲ್ಲೇ ಇದೆ. ದೇವರೆಂದು ಭಾವಿಸಿದ ಮೇಲೆ ತೆಗೆದು ಕೆಳಗಿಡಲು ಯಾರಿಗೂ ಧೈರ್ಯವಿಲ್ಲ. ಸರ್ ಅದರ ಪಕ್ಕಕ್ಕೆ ಫೈಲು ಸರಿಸಿಕೊಂಡು ಓರೆಯಾಗಿ ಕೂತು ಸಹಿ ಮಾಡುತ್ತಾರೆ. ಯಾರೋ ಅದರ ಹಣೆಗೆ ಕುಂಕುಮ ಇಡುತ್ತಾರೆ, ನಾನು ಒದ್ದೆ ಬಟ್ಟೆಯಿಂದ ಒರೆಸುತ್ತೇನೆ. ಅಧ್ಯಕ್ಷರಿಗೆ ಮೂರು ಸಲ ಫೋನ್ ಮಾಡಿದೆ, ‘ನೋಡೂಣ ತಾಯಿ’. ಶಿವಕುಮಾರಿಗೆ ನಾನೇ ಹೊಸ ಮಣ್ಣು ತರಿಸಿ ಒಯ್ದು ಕೊಟ್ಟು ಬರುತ್ತಿದ್ದೇನೆ, ಆದರೆ ಅಲ್ಲಿ ಅವಳ ಸುತ್ತ ಕೂರಲು ಸ್ನೇಹಲ್ ಇಲ್ಲ, ಯಾರೂ ಇಲ್ಲ.

ದಿನಾ ಬೆಳಿಗ್ಗೆ ಹಾಜರಿ ಹಾಕಲು ಹೋದಾಗ ಒಂದೇ ಮಾತು ಕೇಳುತ್ತೇನೆ. “ಹುಡುಗಿ ಯಾವಾಗ ಬರ್ತಾಳ್ರಿ ಸರ್?”

ಅವರು ಕೈ ಮುಗಿಯುತ್ತಾರೆ. ನನಗೋ, ಎತ್ತಿಗೋ, ಗೊತ್ತಿಲ್ಲ. ನಾಳೆಯೂ ಕೇಳುತ್ತೇನೆ.